ಹಿಂದಿನಿಂದ ಎಣಿಸಿದ ತಲೆಗಳು

ರಸೆಲ್ ಮಾರುಕಟ್ಟೆಯ ಹಿಂದಿರುವ ನಮ್ಮ ಬೀದಿಯಿಂದ ವರ್ಷಕ್ಕೊಮ್ಮೆ ವೇಲಾಂಕಣಿಗೆ ಒಂದು ಬಸ್ಸು ಹೊರಡುತ್ತದೆ. ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಚರ್ಚಿನ ಮಾತೆಯ ಹಬ್ಬ ಮುಗಿದು, ಕಾವಿ ಉಟ್ಟವರೆಲ್ಲ ಅದನ್ನು ಒಗೆದು ಮಡಿಚಿಟ್ಟ ಮೇಲೆ, ಒಂದು ಶನಿವಾರ ಬೆಳಗಿನ ಜಾವಕ್ಕೆ. ಬಸ್ಸನ್ನು ಗೊತ್ತುಮಾಡುವವರು ಮಾರುಕಟ್ಟೆಯಲ್ಲಿ ದಾಳಿಂಬೆ, ಸೀತಾಫಲ ಮಾರುವ ಭಾಯಿ. ಕ್ರೈಸ್ತರು ಕಡಲ ದಂಡೆಯ ಚರ್ಚಿಗೆಂದು ಹತ್ತುತ್ತಾರೆ; ಭಾಯಿಯ ಮನೆಯವರು ಅಲ್ಲಿಂದ ಅರ್ಧ ಗಂಟೆ ದೂರದ ನಾಗೂರಿನ ದರ್ಗಾಕ್ಕೆಂದು; ನಾನೂ ನನ್ನ ಹೆಂಡತಿಯೂ ಆ ಕಡೆಯೇ ಇರುವ ಮುರುಗನ ಗುಡಿಗೆಂದು. ಹತ್ತಿದ ಮೇಲೆ ಎಲ್ಲರೂ ಎಲ್ಲ ಕಡೆಗೂ ಹೋಗುತ್ತೇವೆ. ಇಳಿಯದೆ ಬಸ್ಸಿನಲ್ಲೇ ಕುಳಿತರೆ ಸೆಕೆ ತಡೆಯಲಾಗದು ಎಂಬುದೂ ಅದಕ್ಕೊಂದು ಕಾರಣ.

ಹನ್ನೊಂದು ವರ್ಷದ ಹಿಂದೆ ಈ ಬಸ್ಸಿನಲ್ಲಿ ತಲೆ ಎಣಿಸುವ ಕೆಲಸ ಕುಕ್ ಟೌನಿನ ಕಾಯರ್ ಮಾಸ್ತರರದಾಗಿತ್ತು. ಚರ್ಚಿನಲ್ಲಿ ಹಾಡು ಕಲಿಸುವವರು, ಎಣಿಸುವಾಗಲೂ ಹಾಡುತ್ತಿದ್ದರು. ನಾಗೂರಿನಲ್ಲಿ ನಾನು, ನನ್ನದಲ್ಲದ ಎಡಗಾಲಿನ ಚಪ್ಪಲಿಯೊಂದು ನನ್ನ ಪಾಲಿಗೆ ಹೇಗೆ ಬಂತೆಂದು ಚಪ್ಪಲಿ ಕಾಯುವವನನ್ನು ವಿಚಾರಿಸುತ್ತಿದ್ದಾಗ, ಮಾಸ್ತರರು "ಎಲ್ಲಾ ಬಂದ್ರು, ರೈಟ್!" ಎಂದುಬಿಟ್ಟರು. ಹೆಂಗಸರೊಂದಿಗೆ ಮುಂದೆ ಕುಳಿತಿದ್ದ ನನ್ನ ಹೆಂಡತಿ ನಾನು ಹಿಂದಿನ ಸಾಲಿನಲ್ಲಿರುವೆನೆಂದೇ ತಿಳಿದಿದ್ದಳು. ವೇಲಾಂಕಣಿ ತಲುಪಿದ ಬಸ್ಸು ನನಗಾಗಿ ಹಿಂತಿರುಗುವವರೆಗೆ, ಒಂದು ಗಂಟೆ ನಲವತ್ತು ನಿಮಿಷ, ನಾನು ಹಲ್ವಾ ಅಂಗಡಿಯೊಂದರ ಮುಂದೆ ನಿಂತಿದ್ದೆ. ಅದನ್ನು ಕ್ಷಮಿಸಬಹುದಿತ್ತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮಾಸ್ತರರು ಆಡಿದ ಮಾತನ್ನು ಕ್ಷಮಿಸುವಂತಿರಲಿಲ್ಲ.

"ನೀವಿಲ್ದೆ ಬಸ್ಸು ಎಷ್ಟು ಶಾಂತವಾಗಿತ್ತು ಗೊತ್ತಾ ಸಾರ್!"

ಇಡೀ ಬಸ್ಸು ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ ಮೂವರು ಯಾವ ಯಾವ ಸೀಟಿನಲ್ಲಿದ್ದರೆಂಬುದನ್ನು ಇಂದಿಗೂ ಹೇಳಬಲ್ಲೆ.

ಮರುವರ್ಷದಿಂದ ಎಣಿಕೆಯನ್ನು ನಾನೇ ವಹಿಸಿಕೊಂಡೆ. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ನಿವೃತ್ತಿಯವರೆಗೂ ಬೋಲ್ಟುಗಳ ಅಳತೆ ಪರೀಕ್ಷಿಸಿದವನು ನಾನು, ನನಗೊಂದು ಕ್ರಮವಿದೆ. ಮುಖ ನೋಡಿ ಎಣಿಸುವವನು ಮಾತಿಗೆ ಸಿಕ್ಕಿ ತಪ್ಪುತ್ತಾನೆ. ಆದ್ದರಿಂದ ನಾನು ಕೊನೆಯ ಸಾಲಿನಿಂದ ಆರಂಭಿಸಿ, ಜನರ ಹಿಂದಲೆಯನ್ನಷ್ಟೇ ನೋಡುತ್ತ, ಪ್ರತಿ ಸೀಟಿನ ಬೆನ್ನು ಮುಟ್ಟುತ್ತ ಮುಂದೆ ಬರುತ್ತೇನೆ. ಹತ್ತು ವರ್ಷದಲ್ಲಿ ಒಬ್ಬರೂ ಹಿಂದೆ ಉಳಿಯಲಿಲ್ಲ. ಪ್ರತಿ ವರ್ಷವೂ ಎಣಿಸಿ ಮುಗಿಸಿದ ಮೇಲೆ ಮಾಸ್ತರರ ಕಡೆ ಒಮ್ಮೆ ನೋಡುತ್ತಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಈ ಸಲ ಮಾಸ್ತರರಿಗೆ ಹರಕೆಯಿತ್ತು. ಆರು ತಿಂಗಳು ಗಂಟಲು ಕಟ್ಟಿ, ಹೋದ ದನಿ ಮರಳಿ ಬಂದಿತ್ತು. ಮಾತೆಗೆ ಮುಡಿ ಕೊಡುವುದಾಗಿ ಹೇಳಿಕೊಂಡಿದ್ದರು. ವೇಲಾಂಕಣಿಯಲ್ಲಿ ಮರುದಿನ ಬೆಳಗ್ಗೆ ಚರ್ಚಿನ ಬಳಿ ತಲೆ ಬೋಳಿಸಿಕೊಂಡು, ಗಂಧ ಬಳಿದುಕೊಂಡು ಬಂದಾಗ ಅವರ ತಲೆ ಹಲಸಿನ ತೊಳೆಯಂತೆ ಹೊಳೆಯುತ್ತಿತ್ತು. ಚೀಲವನ್ನೂ ಅದರೊಳಗಿನ ಫೋನನ್ನೂ ಸೀಟಿನ ಮೇಲಿಟ್ಟು, ಸಮುದ್ರದಲ್ಲಿ ಕಾಲು ತೋಯಿಸಿ ಬರುತ್ತೇನೆಂದು ಹೋದರು.

ನಾಗೂರಿಗೆ ಹೊರಡುವ ಹೊತ್ತಿಗೆ ನಾನು ಎಣಿಸಿದೆ. ಮಾಸ್ತರರ ಕಿಟಕಿಗೆ ಗಂಧ ಬಳಿದ ಬೋಳುತಲೆಯೊಂದು ಒರಗಿ ನಿದ್ದೆ ಮಾಡುತ್ತಿತ್ತು. ಒಟ್ಟು ಮೂವತ್ತೆಂಟು, ಊರಿನಿಂದ ಹೊರಟಾಗ ಇದ್ದಷ್ಟೇ. "ರೈಟ್," ಎಂದೆ.

ನಾಗಪಟ್ಟಿಣದ ರೈಲ್ವೆ ಗೇಟಿನ ಬಳಿ ಬಸ್ಸು ನಿಂತಾಗ ಬೋಳುತಲೆ ಎಚ್ಚರಗೊಂಡು ನನ್ನತ್ತ ತಿರುಗಿತು. ಮುಖ ಮಾಸ್ತರರದಲ್ಲ.

"ತಂಬಿ, ತೂತ್ತುಕುಡಿ ಎಪ್ಪೋ ವರುಂ?"

ತೂತ್ತುಕುಡಿ ಯಾವಾಗ ಬರುತ್ತದೆಂದು ಆ ಮನುಷ್ಯ ಕೇಳುತ್ತಿದ್ದ. ಎಪ್ಪತ್ತಮೂರು ತುಂಬಿದ ನನ್ನನ್ನು ತಮ್ಮಾ ಎಂದು ಕರೆದದ್ದನ್ನು ಆ ಗಳಿಗೆಯಲ್ಲಿ ಗಮನಿಸಲಿಲ್ಲ, ಆಮೇಲೆ ಗಮನಿಸಿದೆ.

ಭಾಯಿ ಎದ್ದು ಬಂದು ನೋಡಿದರು. "ಕ್ಯಾ ಸಾಬ್, ತಲೆ ಕರೆಕ್ಟಾಗೈತೆ, ಆದ್ಮೀನೇ ಬೇರೆ ಆಗ್ಬಿಟ್ನಲ್ಲ!"

"ಹಿಂದಿನಿಂದ ಎಣಿಸ್ಬೇಡಿ ಅಂತ ಬಡ್ಕೊಂಡೆ," ಎಂದಳು ಮುಂದಿನ ಸಾಲಿನಿಂದ ನನ್ನ ಹೆಂಡತಿ.

ಬಸ್ಸು ತಿರುಗಿತು. ಹನ್ನೊಂದು ವರ್ಷದಿಂದ ಮಾಸ್ತರರ ಬಾಯಿಂದ ಯಾವ ಮಾತಿಗಾಗಿ ಕಾದಿದ್ದೆನೋ ಆ ಮಾತನ್ನು ಈಗ ನಾನೇ ಅವರಿಗೆ ಹೇಳಬೇಕಾಗಿತ್ತು. ಹೇಳಿದ ಮೇಲೆ ಇಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದ ನನ್ನ ಸಿಟ್ಟಿಗೆ ಏನು ನೆಲೆ? ದಾರಿಯುದ್ದಕ್ಕೂ ನಾಲ್ಕು ವಾಕ್ಯಗಳನ್ನು ಕಟ್ಟಿದೆ, ನಾಲ್ಕನ್ನೂ ಕೆಡವಿದೆ.

ಮಾಸ್ತರರು ತೂತ್ತುಕುಡಿಯ ಬಸ್ಸಿನ ನೆರಳಿನಲ್ಲಿ ಕುಳಿತಿದ್ದರು. ತಮ್ಮವನನ್ನು ಹುಡುಕುತ್ತಿದ್ದ ಆ ಜನ ಇವರಿಗೆ ತಮ್ಮೂರಿನ ಗೋಡಂಬಿ ಮಿಠಾಯಿ ಮ್ಯಾಕರೂನು ಕೊಟ್ಟಿದ್ದರು. ಇವರು ಅವರಿಗೆ ಕನ್ನಡದ ಹಾಡೊಂದನ್ನು ಕಲಿಸುತ್ತಿದ್ದರು. ನಾನು ಇಳಿದು ಎದುರಿಗೆ ನಿಂತೆ.

"ತಪ್ಪಾಯಿತು," ಎಂದೆ. ಕಟ್ಟಿದ್ದ ವಾಕ್ಯಗಳಲ್ಲಿ ಅಷ್ಟೇ ಉಳಿದಿತ್ತು.

ಮಾಸ್ತರರು ತುಟಿಯ ಪುಡಿ ಒರೆಸಿಕೊಂಡರು. "ಎಷ್ಟು ಹೊತ್ತಾಯ್ತು ಸಾರ್?"

"ಐವತ್ತೆರಡು ನಿಮಿಷ."

"ಆವತ್ತು ನಿಮ್ಗೆ?"

"ಒಂದು ಗಂಟೆ ನಲವತ್ತು."

"ಹಂಗಾದ್ರೆ ನಂದಿನ್ನೂ ನಲವತ್ತೆಂಟು ನಿಮಿಷ ಬಾಕಿ ಐತೆ," ಎಂದು ಅವರು ಪಕ್ಕದ ಮರಳನ್ನು ಕೈಯಿಂದ ಸವರಿ ಜಾಗ ಮಾಡಿದರು. "ಕೂತ್ಕೊಳ್ಳಿ. ಮುಗ್ಸೇ ಹೋಗೋಣ."

ತಮಾಷೆಯೆಂದುಕೊಂಡೆ. ಅವರು ಏಳಲಿಲ್ಲ. ಭಾಯಿ ಹಣೆ ಚಚ್ಚಿಕೊಂಡು, "ಇಬ್ರಿಗೂ ದಿಮಾಗ್ ಬೋಳಾಗೈತೆ," ಎನ್ನುತ್ತ ಉಳಿದವರನ್ನು ಹುರಿದ ಮೀನು ತಿನ್ನಲು ಕರೆದೊಯ್ದರು. ತೂತ್ತುಕುಡಿಯವರು ತಮ್ಮವನನ್ನು ಬಾಯ್ತುಂಬ ಬೈದು ಹತ್ತಿಸಿಕೊಂಡು ಹೋದರು. ಅವರ ಬಸ್ಸಿನೊಂದಿಗೆ ನಮ್ಮ ನೆರಳೂ ಹೋಯಿತು. ನಾನು ಕೊಡೆ ಬಿಚ್ಚಿ, ಹೆಚ್ಚು ಪಾಲನ್ನು ಮಾಸ್ತರರ ಹೊಸ ಬೋಳುತಲೆಯ ಮೇಲೆ ಹಿಡಿದೆ.

ನಲವತ್ತಮೂರನೆಯ ನಿಮಿಷಕ್ಕೆ ಮಾಸ್ತರರು ಏಳಲು ನೋಡಿದರು. "ಇನ್ನೂ ಐದಿದೆ," ಎಂದೆ. ಕುಳಿತರು.

"ಒಂದ್ಮಾತು ಸಾರ್," ಎಂದರು, ಕಡಲ ಕಡೆಗೇ ನೋಡುತ್ತ. "ಆವತ್ತು ಬಸ್ಸಲ್ಲಿ ಶಾಂತಿ ಗೀಂತಿ ಏನೂ ಇರ್ಲಿಲ್ಲ. ನೀವಿಲ್ಲ ಅಂತ ಗೊತ್ತಾದ್ಮೇಲೆ ಇಲ್ಲಿಂದ ನಾಗೂರಿನವರೆಗೂ ಅಮ್ಮಾವ್ರು ನನ್ನ ಬೈದ್ರು. ನಿಮ್ಮ ಮುಂದೆ ಮಾನ ಉಳಿಸ್ಕೊಳ್ಳೋಕೆ ಆ ಮಾತು ಅಂದ್ಬಿಟ್ಟೆ. ಅನ್ಬಾರ್ದಿತ್ತು."

ನನ್ನ ಹೆಂಡತಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಇದನ್ನು ನನಗೆ ಹೇಳಿರಲಿಲ್ಲ.

"ಏನೆಂದು ಬೈದಳು?"

"ಚರ್ಚ್ ಮುಂದೆ ಕೂತು ಅದನ್ನೆಲ್ಲ ಹೇಳಕ್ಕಾಗುತ್ತಾ ಸಾರ್!"

ನಾನು ನಕ್ಕೆ, ಕೊಡೆ ಅಲುಗಾಡುವಷ್ಟು ನಕ್ಕೆ. ಉಳಿದ ನಿಮಿಷಗಳನ್ನು ಗಡಿಯಾರ ನೋಡದೆ ಬಿಟ್ಟೆನೆಂದು ಯಾರೂ ಭಾವಿಸಬಾರದು. ನಲವತ್ತೆಂಟಕ್ಕೆ ಸರಿಯಾಗಿ ಎದ್ದೆವು.

ಬಸ್ಸಿನಲ್ಲಿ ಈ ಬಾರಿ ಮುಂದಿನ ಸಾಲಿನಿಂದ ಆರಂಭಿಸಿ, ಒಂದೊಂದೇ ಮುಖ ನೋಡುತ್ತ ಎಣಿಸಿದೆ. ಮೊದಲನೆಯದು ನನ್ನ ಹೆಂಡತಿಯದು. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತೆ. "ಏನ್ ನೋಡ್ತೀರಾ? ಒಂದು ಅನ್ನಿ," ಎಂದಳು.

ಒಂದು, ಎಂದೆ.