ನಮ್ಮ ಕ್ಲಾಸಿನ ಎರಡನೆಯ ಹುಡುಗಿ

ಮೊನ್ನೆ ಮೊಮ್ಮಗಳು ಕಾಲೇಜಿನ ಮೊದಲ ದಿನ ಮುಗಿಸಿ ಬಂದವಳೇ ಚೀಲ ಬಿಸಾಡಿ ಮುಖ ಊದಿಸಿಕೊಂಡು ಕೂತಳು. ಅಳೆದೂ ಸುರಿದೂ ಸೀಟು ಕೊಡುವ ಕಾಲೇಜು ಅದು. ಸಿಕ್ಕಿದ್ದಕ್ಕೆ ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದೆವು. "ಏನಾಯ್ತೇ?" ಅಂದರೆ, "ಕ್ಲಾಸ್ ತುಂಬಾ ಹುಡುಗೀರೇ ಅಜ್ಜಿ, ಮುಂದಿನ ಬೆಂಚಲ್ಲಿ ಜಾಗಾನೇ ಸಿಗ್ಲಿಲ್ಲ" ಅಂದಳು. ನಾನು ಬಿದ್ದು ಬಿದ್ದು ನಕ್ಕೆ. ಅವಳಿಗೆ ಇನ್ನಷ್ಟು ಸಿಟ್ಟು. ನೀವೇ ಹೇಳಿ, ನಗದೆ ಏನು ಮಾಡಲಿ? ಇನ್ನೊಬ್ಬಳು ಹುಡುಗಿ ಸಿಗದೆ ನನ್ನ ಕಾಲೇಜೇ ತಪ್ಪಿಹೋಗುವುದರಲ್ಲಿತ್ತು.

ಅದು ಮೂವತ್ತರ ದಶಕ. ಅಪ್ಪ ಮಳವಳ್ಳಿಯಲ್ಲಿ ಮೇಷ್ಟರು. ಮೈಸೂರಿನ ಕಾಲೇಜಿನಲ್ಲಿ ನನಗೆ ಸೈನ್ಸಿಗೆ ಸೀಟು ಸಿಕ್ಕಿದಾಗ ಹಿಗ್ಗಿದವರೂ ಅವರೇ, ಹೆದರಿದವರೂ ಅವರೇ. "ಅಷ್ಟು ಹುಡುಗರ ಮಧ್ಯೆ ಒಬ್ಬಳೇ ಕೂರೋದುಂಟೇ? ಜೊತೆಗೊಂದು ಹೆಣ್ಣುಮಗು ಇದ್ದರೆ ಹೋಗು, ಇಲ್ಲದಿದ್ದರೆ ಬೇಡ" ಅಂದುಬಿಟ್ಟರು. ನಾನು ಊಟ ಬಿಟ್ಟೆ. ಊಟ ಅಂದರೆ ರಾತ್ರಿಯದು ಮಾತ್ರ. ಅವಲಕ್ಕಿ ಡಬ್ಬ ಎಲ್ಲಿದೆ ಅಂತ ನನಗೆ ಗೊತ್ತಿತ್ತು.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಬೆಸಗರಹಳ್ಳಿಯ ಗೌಡರೊಬ್ಬರ ಮಗಳು ಕೆಂಪಮ್ಮ, ಮಂಡ್ಯದ ಸೋದರಮಾವನ ಮನೆಯಲ್ಲಿದ್ದು ಓದಿದವಳು. ಅವಳಿಗೂ ಅದೇ ಕ್ಲಾಸಿಗೆ ಸೀಟು ಸಿಕ್ಕಿದೆ, ಮನೆಯವರು ಮಾತ್ರ ಬೇಡವೆಂದಿದ್ದಾರೆ ಅಂತ. ಅಪ್ಪ ಕೋಟು ರುಮಾಲು ಏರಿಸಿಕೊಂಡು ನನ್ನನ್ನು ಹೊರಡಿಸಿದರು. ಮದ್ದೂರಿನವರೆಗೆ ಬಸ್ಸು. ಅದರಲ್ಲಿ ನನಗಾದ ವಾಂತಿಯ ವಿಚಾರ ನಿಮಗೆ ಬೇಡ. ಅಲ್ಲಿಂದ ಎತ್ತಿನ ಗಾಡಿ.

ಗೌಡರ ಮನೆ ಮುಂದೆ ಗಾಡಿ ನಿಂತದ್ದೇ ತಡ, ಜಗಲಿಯ ಮೇಲೆ ಜನ ಸೇರಿಬಿಟ್ಟರು. "ಯಾರ್ಲಾ ಅದು? ಎಣ್ಣು ನೋಡೋಕ್ ಬಂದವ್ರಾ?" "ಐನೋರು ಕಣ್ಲಾ, ಅವ್ರ್ ಯಾಕ್ ಬತ್ತಾರೆ!" ಗೌಡರು ಮರ್ಯಾದೆಯಿಂದ ಒಳಗೆ ಕರೆದು ಚಾಪೆ ಹಾಸಿ ಹಾಲು, ಬಾಳೆಹಣ್ಣು ತಂದಿಟ್ಟರು. ಅಪ್ಪ ಬಂದ ಕಾರಣ ಹೇಳಿದರು. ಗೌಡರು ಮೀಸೆ ನೀವಿಕೊಂಡರು. ಆದರೆ ಗೌಡರ ತಾಯಿ ಸುಮ್ಮನಿರುವ ಪೈಕಿಯಲ್ಲ. ಎಲೆಯಡಿಕೆ ಕುಟ್ಟುವುದನ್ನು ಬಿಟ್ಟು ನನ್ನ ಎದುರಿಗೇ ಬಂದು ಕೂತರು.

"ನಮ್ ಮಗೀನ ಜೊತೆಗಾರ್ತಿ ಅಂದ್ರೆ ನೋಡ್ದೇ ಒಪ್ಕಳಕ್ಕಾಯ್ತದಾ? ಎದ್ದು ಒಸಿ ನಡಿಯವ್ವ."

ನಡೆದೆ. ವಧುಪರೀಕ್ಷೆಗೆ ಕೂತವಳ ಹಾಗೆ ತಲೆ ತಗ್ಗಿಸಿಕೊಂಡು, ನಡುಮನೆಯ ತೊಟ್ಟಿಯಂಗಳವನ್ನು ಸುತ್ತಿ ಬಂದೆ. ಜಗಲಿಯವರೆಲ್ಲ ಕಿಟಕಿಯಲ್ಲಿ.

"ನಡಿಗೆ ವಾಸಿ. ಹಾಡು ಬತ್ತದಾ?"

"ಇಲ್ಲ."

"ಓಗ್ಲಿ ಬುಡು. ಆ ಗಂಡೈಕ್ಲು ರೇಗುಸ್ದಾಗ ಏನ್ ಮಾಡೀಯೆ, ಏಳ್ ನೋಡಾನ."

ಇದಕ್ಕೆ ಉತ್ತರ ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಉಪಾಧ್ಯಾಯರಿಗೆ ತಿಳಿಸುತ್ತೇನೆ ಅನ್ನಬೇಕಿತ್ತು, ಅಷ್ಟೇ. ಬಾಯಿ ತೆರೆದೆ, ಗೊಳೋ ಎಂದು ಅತ್ತುಬಿಟ್ಟೆ.

"ಅಯ್ಯೋ ಸಿವನೇ! ರೇಗ್ಸೋಕ್ ಮುಂಚೇನೇ ಅಳ್ತದಲ್ಲಪ್ಪ ಇದು!"

ಅಪ್ಪನಿಗೆ ಯಾವ ಕಡೆ ನೋಡಬೇಕೋ ತಿಳಿಯಲಿಲ್ಲ. ಗೌಡರು ಕೈ ಮುಗಿದರು. "ಮೇಷ್ಟ್ರೇ, ತೆಪ್ಪು ತಿಳ್ಕಬ್ಯಾಡಿ. ಇದೆಲ್ಲಾ ನಮ್ಗೆ ಒಗ್ಗಕಿಲ್ಲ." ಮುಗಿಯಿತು ಅಂದುಕೊಂಡು ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅಷ್ಟು ಹೊತ್ತೂ ಬಾಗಿಲ ಸಂದಿಯಲ್ಲಿ ನಿಂತಿದ್ದ ಹುಡುಗಿ ಆಗ ಹೊರಗೆ ಬಂದಳು. ಎತ್ತರದ ಹುಡುಗಿ, ಎಣ್ಣೆ ಹಾಕಿ ಬಿಗಿದ ಜಡೆ.

"ನಾ ಓಯ್ತೀನಿ ಅಪ್ಪ. ನಂಗೇನೂ ಬ್ಯಾಡ. ಆದ್ರೆ ಈ ಮಗಿನ್ ಓದು ನಮ್ಮಿಂದ ನಿಂತೋಯ್ತು ಅನ್ನೋ ಮಾತು ನಮ್ ಮನೇಗ್ ಯಾಕೆ?"

ಮನೆ ಬಾಗಿಲಿಗೆ ಬಂದು ಅತ್ತ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವ ಜನವಲ್ಲ ಅವರು. ಗೌಡರು ತಾಯಿಯ ಮುಖ ನೋಡಿದರು. ತಾಯಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಆಯ್ತು, ಓಗ್ಬರ್ಲಿ" ಅಂದರು.

ನಮ್ಮ ಆ ವರ್ಷದ ಕ್ಲಾಸನ್ನು ನೀವು ನೋಡಬೇಕಿತ್ತು! ಮುಂದೆ ಮೈಸೂರಿನ ಅಧಿಕಾರಿಗಳ ಮಕ್ಕಳು, ಜರಿ ರುಮಾಲು, ಇಸ್ತ್ರಿ ಕೋಟು. ಅವರ ಹಿಂದೆ ಅಗ್ರಹಾರದವರು. ಕಟ್ಟಕಡೆಗೆ ನಾಲೆ ನೀರು ಬಂದಮೇಲೆ ಕಬ್ಬು ಬೆಳೆದು ಮಕ್ಕಳನ್ನು ಓದಿಸಲು ಹೊರಟ ನಮ್ಮ ಕಡೆಯ ಗೌಡರ ಹುಡುಗರು, ಹಲಗೂರಿನಿಂದ ಬಂದ ಒಬ್ಬ ಬಡಪಾಯಿ. ಪಕ್ಕದಲ್ಲಿ, ಗೋಡೆಗೆ ಅಂಟಿದ ಹಾಗೆ, ನಮ್ಮಿಬ್ಬರ ಎರಡು ಕುರ್ಚಿ. ಯಾವನೋ ಹಿಂದಿನಿಂದ ಕಾಗೆಯ ಹಾಗೆ ಕೂಗಿದ. ನನ್ನ ಕಣ್ಣು ತುಂಬಿತು. ಕೆಂಪಮ್ಮ ತಿರುಗಿ, "ಏನ್ಲಾ, ಅಸಿವಾ?" ಅಂದಳು. ಆಮೇಲೆ ವರ್ಷವಿಡೀ ಕಾಗೆ ಕೂಗಲಿಲ್ಲ. ನಾನು ಹೇಗೋ ತೇಲಿ ದಡ ಸೇರಿ ಮದುವೆಯಾದೆ. ಅವಳು ಡಾಕ್ಟರಾದಳು.

ನನಗಾಗಿ ಬಂದು ಡಾಕ್ಟರಾದಳು ಅಂತ ಈ ಕಥೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ಮೊಮ್ಮಗಳಿಗೆ ಸೀಟು ಸಿಕ್ಕಿದ್ದಕ್ಕೆ ಹರಸಲು ನಿನ್ನೆ ಕೆಂಪಮ್ಮ ಮನೆಗೆ ಬಂದಿದ್ದಳು. ಅವಳ ಎದುರಿಗೇ ಮತ್ತೆ ಶುರು ಮಾಡಿದೆ. ಕೇಳುತ್ತ ಕೂತವಳು ಕಾಫಿ ಲೋಟ ಕೆಳಗಿಟ್ಟಳು.

"ನಂಗೇನೂ ಬ್ಯಾಡ ಅಂದಿದ್ದು ಸುಳ್ಳು ಕಣೆ. ಸೀಟು ಬಂದಾಗಿಂದ ಅಟ್ಟದ ಮೇಲೆ ಕೂತ್ಕಂಡು ಅತ್ತೂ ಅತ್ತೂ ಸಾಕಾಗಿತ್ತು. ನಂಗೆ ಬೇಕು ಅಂದಿದ್ದುಕ್ಕೆ ಅಪ್ಪ ಆಗಾಕಿಲ್ಲ ಅಂದ್ಬುಟ್ಟಿದ್ರು. ನಿಂಗೋಸ್ಕರ ಅಂದೆ, ಒಪ್ಕಂಡ್ರು."

"ಇಷ್ಟು ವರ್ಷ ಯಾಕೇ ಹೇಳಲಿಲ್ಲ?"

"ನಿಂಗೆ ಹೇಳ್ಕಳಕ್ಕೆ ಒಂದು ಕಥೆ ಇತ್ತಲ್ಲ, ಇರ್ಲಿ ಬುಡು ಅಂತ."

ನನಗೆ ಬಂದ ಸಂತೋಷವನ್ನು ಏನಂತ ಹೇಳಲಿ! ಬೆಸಗರಹಳ್ಳಿಯವರೆಗೂ ಹೋಗಿ ಅಪ್ಪ ನನಗೊಬ್ಬಳು ಜೊತೆಗಾರ್ತಿಯನ್ನು ಹುಡುಕಿ ತಂದರು ಅಂತಲೇ ಮುದುಕಿಯಾದೆನಲ್ಲ. ಅವಳಿಗೆ ಜೊತೆಯಾಗಿ ಹೋದವಳು ನಾನು.