ಐಸ್ ಇಡದೆ ತೆಗೆದ ಫೋಟೋ

ಎಣ್ಣೂರಿನ ಮನೆಯಲ್ಲಿ ಚಿಕ್ಕಮ್ಮ ಸಂಜೆಯಾದರೆ ಕಣ್ಣಿಗೆ ಐಸ್ ಇಟ್ಟುಕೊಳ್ಳುತ್ತಿದ್ದರು. ಫ್ರಿಜ್ಜಿನಿಂದ ಎರಡು ತುಂಡು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಜೋತುಬಿದ್ದ ಎಡ ರೆಪ್ಪೆಯ ಮೇಲೆ ಒತ್ತಿ ಹಿಡಿದರೆ ಎರಡು ಮೂರು ನಿಮಿಷಗಳಲ್ಲಿ ರೆಪ್ಪೆ ಮೇಲೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತಿತ್ತು. ಬೆಳಿಗ್ಗೆ ಈ ತೊಂದರೆ ಇರುತ್ತಿರಲಿಲ್ಲ. ಅಡುಗೆ, ಒಗೆತ, ಮಾತು ಎಲ್ಲ ಮುಗಿದ ಮೇಲೆಯೇ ಕಣ್ಣು ಮುಚ್ಚಿಕೊಳ್ಳತೊಡಗುತ್ತಿತ್ತು. ಇದನ್ನು ಅವರು ನನಗೆ ಒಂದಲ್ಲ, ನಾಲ್ಕು ಸಲ ಹೇಳಿದ್ದರು. ನಾನು ಒಮ್ಮೆಯೂ ಬರೆದುಕೊಳ್ಳಲಿಲ್ಲ.

ನಾನು ಬರೆದುಕೊಳ್ಳುತ್ತಿದ್ದದ್ದು ಹತ್ತಿರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಿಂದ ಹಾರಿಬರುವ ಬೂದಿಯ ಬಗ್ಗೆ. ಆ ಬೀದಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೆ, ಕಿಟಕಿಯ ಸರಳಿನ ಮೇಲೆ, ಮುಚ್ಚದ ಪಾತ್ರೆಯ ನೀರಿನ ಮೇಲೆ ಬೂದಿ ಕೂರುತ್ತದೆ. ಅದು ಅನ್ಯಾಯ, ಅದಕ್ಕೆ ಹೊಣೆಗಾರರಿದ್ದಾರೆ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಬೂದಿಯ ವಿರುದ್ಧ ಕಟ್ಟಿಕೊಂಡಿದ್ದ ನಮ್ಮ ಸಣ್ಣ ಸಮಿತಿ ದೂರು ಸಲ್ಲಿಸಲು ನಿರ್ಧರಿಸಿದಾಗ, ಮೊದಲ ಪುಟಕ್ಕೆ ಒಂದು ಮುಖ ಬೇಕೆಂದು ಸೂಚಿಸಿದವಳು ನಾನೇ.

ಫೋಟೋ ತೆಗೆದದ್ದು ಸಂಜೆ ಆರರ ಹೊತ್ತಿಗೆ. ಚಿಕ್ಕಮ್ಮ ಕರವಸ್ತ್ರಕ್ಕೆ ಕೈಚಾಚಿದಾಗ ತಡೆದೆ.

“ಫೋಟೋ ಆಗೋವರೆಗೂ ಐಸ್ ಬೇಡ ಚಿಕ್ಕಮ್ಮ.”

“ಯಾಕೆ, ಕಣ್ಣು ಬಿಟ್ರೆ ನಾನು ಚೆಂದ ಕಾಣಲ್ವಾ?”

“ಬೂದಿಯಿಂದ ಏನಾಗಿದೆ ಅಂತ ಜನ ನೋಡ್ಬೇಕು.”

“ಆಮಾ, ಆಮಾ. ನಮ್ಮ ಕಲೆಕ್ಟರಮ್ಮ ಹೇಳಿದ ಹಾಗೆ,” ಎಂದು ಎಂದಿನಂತೆ ತಮಿಳು ಬೆರೆಸಿ ಒಪ್ಪಿ, ನಕ್ಕು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಮೇಲೆ, ಬೂದಿಯಿಂದಲೇ ಕಣ್ಣು ಹೀಗಾಯಿತೆಂದು ನಾನು ಬರೆದಿದ್ದ ಹೇಳಿಕೆಗೆ, ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಓದದೆ ಸಹಿ ಹಾಕಿದರು. ಆ ಹೊತ್ತಿಗೆ ಓದಲು ಬಲಗಣ್ಣೂ ಸರಿಯಾಗಿ ತೆರೆಯುತ್ತಿರಲಿಲ್ಲ.

ಮೂರು ವಾರಗಳ ನಂತರ ಚಿಕ್ಕಪ್ಪ ಫೋನ್ ಮಾಡಿದರು. “ಅವಳಿಗೆ ಮಜ್ಜಿಗೆ ಕಲಸಿದ ಮೋರನ್ನಾನೂ ಇಳೀತಿಲ್ಲಮ್ಮ. ಈಗ ನೀರು ಕುಡಿದ್ರೆ ಮೂಗಲ್ಲಿ ವಾಪಸ್ ಬಂತು.” ಅವರ ಧ್ವನಿಯನ್ನು ಕೇಳಿ ನಾನಿದ್ದ ತ್ರಿಪ್ಲಿಕೇನಿನಿಂದ ಆಟೋ ಹಿಡಿದು, ಅವರು ಚಿಕ್ಕಮ್ಮನನ್ನು ಕರೆದೊಯ್ದಿದ್ದ ಆಸ್ಪತ್ರೆಗೆ ನೇರವಾಗಿ ಹೋದೆ.

ನರರೋಗದ ವೈದ್ಯೆ ಚಿಕ್ಕಮ್ಮನಿಗೆ ಮೇಲೆ ನೋಡುತ್ತಲೇ ಇರಲು ಹೇಳಿದರು. ಒಂದು ನಿಮಿಷ ಕಳೆಯುವಷ್ಟರಲ್ಲಿ ರೆಪ್ಪೆ ಜಾರಿತು. ಆಕೆ ಕ್ಯಾಂಟೀನಿನಿಂದ ಐಸ್ ತರಿಸಿ ಆ ಕಣ್ಣಿನ ಮೇಲಿಟ್ಟರು. ರೆಪ್ಪೆ ಎದ್ದಿತು.

“ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವೆ?” ಎಂದು ಆಕೆ ಕೇಳಿದಾಗ ಚಿಕ್ಕಮ್ಮ ನನ್ನತ್ತ ನೋಡಿದರು.

ವೈದ್ಯೆ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ನರದ ತುದಿಯಿಂದ ಒಂದು ರಾಸಾಯನಿಕ ಹೊರಡುತ್ತದೆ. ಅದನ್ನು ಹಿಡಿಯಲು ಸ್ನಾಯುಕೋಶದ ಮೈಮೇಲೆ ಗ್ರಾಹಕ ಪ್ರೋಟೀನುಗಳಿವೆ. ಹಿಡಿದೊಡನೆ ಪ್ರೋಟೀನಿನ ನಡುವಿನ ಕಿರುದಾರಿ ತೆರೆಯುತ್ತದೆ, ಅದರಿಂದ ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ರೆಪ್ಪೆ ಎತ್ತುವುದೂ ತುತ್ತು ನುಂಗುವುದೂ ಹೀಗೆಯೇ. ಚಿಕ್ಕಮ್ಮನಲ್ಲಿ, ಸೋಂಕಿನ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳು ಈ ಗ್ರಾಹಕಗಳಿಗೇ ಅಂಟಿಕೊಂಡು ಅವುಗಳನ್ನು ನಾಶಮಾಡುತ್ತಿರಬೇಕು. ರಕ್ತಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ನರ ಕಳುಹಿಸುವುದರಲ್ಲಿ ಕೊರತೆಯಿಲ್ಲ, ಪಡೆಯುವವರು ಕಡಿಮೆಯಾಗಿದ್ದಾರೆ. ತಂಪಿನಲ್ಲಿ ಆ ರಾಸಾಯನಿಕ ಬೇಗ ಒಡೆದುಹೋಗದೆ ಉಳಿಯುವುದರಿಂದ, ಉಳಿದಿರುವ ಗ್ರಾಹಕಗಳೇ ಸ್ವಲ್ಪ ಹೊತ್ತು ಕೆಲಸ ನಡೆಸುತ್ತವೆ.

“ಬೂದಿ?” ಎಂದೆ.

“ಈ ಕಣ್ಣಿಗೆ ಬೂದಿ ಕಾರಣವೆಂದು ನಾನು ಬರೆದುಕೊಡಲಾರೆ. ದೇಹ ಹೀಗೇಕೆ ಮಾಡುತ್ತದೆಂದು ಬಹಳಷ್ಟು ಸಲ ನಮಗೇ ತಿಳಿಯುವುದಿಲ್ಲ. ಮೊದಲೇ ಬಂದಿದ್ದರೆ ನುಂಗುವ ತೊಂದರೆಯ ತನಕ ಬಿಡುತ್ತಿರಲಿಲ್ಲ.”

ಹೊಣೆಗಾರರಿಲ್ಲದ ಕೇಡನ್ನು ಹೇಗೆ ಎದುರಿಸಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಆದರೆ ಆ ತಡಕ್ಕೆ ಹೊಣೆಗಾರರಿದ್ದರು. ರೋಗದ ಲಕ್ಷಣವನ್ನು ರೋಗಿಯ ಬಾಯಿಂದಲೇ ಕೇಳಿ ಬದಿಗಿಟ್ಟವಳು ನಾನು. ಐಸ್ ತಡೆದು, ಆ ಲಕ್ಷಣವನ್ನು ಮರೆಮಾಚಿ ಫೋಟೋ ತೆಗೆದವಳೂ ನಾನು.

ನಮ್ಮ ದೂರಿನ ವಿಚಾರಣೆಗೆ ಆರು ದಿನಗಳಿದ್ದವು. ಬ್ಯಾಂಕಿನಿಂದ ನಿವೃತ್ತರಾಗಿದ್ದ ಸಮಿತಿಯ ಹಿರಿಯರಿಗೆ ವಿಷಯ ತಿಳಿಸಿದೆ.

“ಈಗ ಆ ಪುಟ ಕಿತ್ರೆ ಎದುರು ಪಾರ್ಟಿ ಮಿಕ್ಕಿದ್ದೂ ಸುಳ್ಳು ಅನ್ನತ್ತಮ್ಮ. ಇದೊಂದು ಮುಗೀಲಿ. ಬೂದಿ ಏನು ಸುಳ್ಳಾ?”

ಬೂದಿ ಸುಳ್ಳಲ್ಲ. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಎರಡು ದಿನ ಸುಮ್ಮನಿದ್ದೆ. ಅದನ್ನೂ ಇಲ್ಲಿ ದಾಖಲಿಸಬೇಕು.

ಮೂರನೆಯ ದಿನ ಎಣ್ಣೂರಿಗೆ ಹೋದೆ. ಚಿಕ್ಕಮ್ಮ ಆಸ್ಪತ್ರೆಯಿಂದ ಮರಳಿದ್ದರು. ಹೊತ್ತುಹೊತ್ತಿಗೆ ಮಾತ್ರೆ ನುಂಗಿ, ಅರ್ಧ ಗಂಟೆ ಕಾದು ಊಟಕ್ಕೆ ಕೂರುತ್ತಿದ್ದರು. ದೂರಿನಿಂದ ಫೋಟೋವನ್ನು ಕಿತ್ತುಹಾಕುವುದಾಗಿಯೂ, ಬೂದಿಯ ಬಗ್ಗೆ ಮಾತ್ರ ಬರೆದ ಹೊಸ ಹೇಳಿಕೆ ತಂದಿರುವುದಾಗಿಯೂ ತಿಳಿಸಿ, ಕ್ಷಮೆ ಕೇಳಿದೆ. ರೂಢಿಯಂತೆ ಪೆನ್ನು ಕೊಟ್ಟು ಸಹಿಯ ಜಾಗದಲ್ಲಿ ಬೆರಳಿಟ್ಟೆ.

“ಬೆರಳು ತೆಗಿ,” ಎಂದರು. “ಕೊಂಜ ತಾಳು. ಮಾತ್ರೆ ಹಿಡೀಲಿ. ಈ ಸಲ ನಾನೇ ಓದ್ತೀನಿ.”

ಅಡುಗೆಮನೆಯ ಗಡಿಯಾರದ ಕೆಳಗೆ ಇಬ್ಬರೂ ಕಾಯುತ್ತ ಕೂತೆವು. ರೆಪ್ಪೆ ನಿಧಾನವಾಗಿ, ಪೂರ್ತಿಯಾಗಿ ಅಲ್ಲದಿದ್ದರೂ, ಎದ್ದಿತು. ಅವರು ಸಾಲು ಸಾಲಾಗಿ ಓದಿ ಒಂದು ಕಡೆ ನಿಂತರು.

“‘ಸದಾ ಕೆಮ್ಮು’ ಅಂತ ಬರೆದಿದ್ದೀಯ. ನನಗೆಲ್ಲಿ ಸದಾ ಕೆಮ್ಮು?”

‘ಸದಾ’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ‘ತಾರಸಿಯಿಂದ ಬಟ್ಟೆ ತೆಗೆಯುವಾಗ’ ಎಂದು ಬರೆದರು. ಆಮೇಲೆ ಸಹಿ ಹಾಕಿದರು.