ಸಾಹೇಬರ ಸ್ಕೀ, ಅಜ್ಜನ ದೋಣಿ

ಗಲ್ಫಿನ ನಮ್ಮ ನಗರದ ಮುಶೈರಿಬ್ ಪೇಟೆಯ ಕಾಫಿ ಅಂಗಡಿಯೊಂದರ ಗೋಡೆಗೆ ಅಲಂಕಾರಕ್ಕೆಂದು ಒಂದು ಜೊತೆ ಸ್ಕೀ ನೇತುಹಾಕಿದ್ದಾರೆ. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಆ ಉದ್ದನೆಯ ಹಲಗೆಗಳನ್ನು ಕಂಡೊಡನೆ ನನ್ನ ಮೂಗಿಗೆ ಕಾದ ಮೇಣದ ವಾಸನೆ ಬಡಿಯಿತು.

ನನ್ನ ಶಾಲೆಯ ದಿನಗಳಲ್ಲಿ ಇಂಥದೇ ಹಿಮದ ಹಲಗೆಗಳನ್ನು ಈ ಮರಳುಗಾಡಿಗೆ ಹೊತ್ತುತಂದ ಮಹಾಶಯ ಅಪ್ಪನ ಆಫೀಸಿನ ನಾರ್ವೆ ಸಾಹೇಬ. "ಬೇಸಿಗೆ ಕಳೆದು ಬರುತ್ತೇನೆ" ಎಂದು ಅವನ್ನು ಅಲ್ ಗರಾಫಾದ ನಮ್ಮ ಪುಟ್ಟ ಫ್ಲ್ಯಾಟಿಗೆ ಹೊರಿಸಿ ಹೋದವನು ತಿರುಗಿ ಬರಲೇ ಇಲ್ಲ. ಆದರೂ ಹಿಮವನ್ನೇ ಕಾಣದ ಅಪ್ಪ ಪ್ರತಿ ಬೇಸಿಗೆಗೆ ಮುಂಚೆ ಅವುಗಳ ತಳ ಒರೆಸಿ, ಒಣಗಿ ಹಾಳಾಗದಿರಲೆಂದು ಅಮ್ಮನ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಬಳಿದು, ಏಸಿ ಇದ್ದ ಒಂದೇ ಕೋಣೆಯಲ್ಲಿ ಮಲಗಿಸುತ್ತಿದ್ದರು. ನನ್ನ ಶಾಲೆಯ ಬಿಳಿ ಅಂಗಿಗೆಲ್ಲ ಮೇಣದ ಕಲೆ.

"ಊರಲ್ಲಿ ನಿಮ್ಮ ಅಪ್ಪನ ದೋಣಿ, ಮಳೆಗಾಲಕ್ಕೆ ಎಣ್ಣೆ ಹಚ್ಚುವವರಿಲ್ಲದೆ ಬಿರುಕು ಬಿಡ್ತಾ ಉಂಟು. ನೀವಿಲ್ಲಿ ಇದರ ಚಾಕರಿ ಮಾಡಿ!" ಎಂದು ಅಮ್ಮ ಸಿಡುಕುತ್ತಿದ್ದಳು.

"ಸಾಹೇಬ್ರ ಸಾಮಾನು ಮಾರಾಯ್ತಿ. ನಾಳೆ ಬಂದು ಕೇಳಿದ್ರೆ ಏನು ಹೇಳುದು?"

ಇಂದು ನನ್ನ ಜೊತೆ ಕಾಫಿಗೆ ಬಂದಿದ್ದ ಅಪ್ಪ ಕುರ್ಚಿಯಿಂದೆದ್ದು, ಗೋಡೆಯ ಸ್ಕೀಯ ತಳವನ್ನು ಉಗುರಿನಿಂದ ಕೆರೆದು ನೋಡಿದರು.

"ಛೇ, ಮೇಣ ಹಾಕದೆ ಇಟ್ಟಿದ್ದಾರೆ," ಎಂದು ಮರುಗಿದರು.

ಅಜ್ಜನ ದೋಣಿಯನ್ನು ಒಡೆದು ಒಲೆಗೆ ಹಾಕಿದ ಸುದ್ದಿ ಊರಿಂದ ಬಂದ ದಿನ ಈ ಮನುಷ್ಯ ಹೇಳಿದ್ದು ಒಂದೇ ಮಾತು: "ಖಲಾಸ್."